ಮೊದಲ ಸೆಕೆಂಡ್ ಹ್ಯಾಂಡ್ ಕಾರು: ಕೊಳ್ಳುವ ಮುನ್ನ ನೋಡಬೇಕಾದ್ದು, ಕೇಳಬೇಕಾದ್ದು



ಬಹರೈನಿಗೆ ಹೊಸದಾಗಿ ಬಂದ ನಮ್ಮವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಮನೆ ಎಲ್ಲಿ ಮಾಡಲಿ? ಮಕ್ಕಳನ್ನು ಯಾವ ಶಾಲೆಗೆ ಸೇರಿಸಲಿ? ಮೂರನೆಯದು ಲೈಸೆನ್ಸು ಕೈಗೆ ಬಂದ ದಿನ ಸಂಜೆಯೇ ಫೋನಿನಲ್ಲಿ ಬರುತ್ತದೆ: "ಸಾರ್, ಯಾವುದಾದರೂ ಒಳ್ಳೆ ಸೆಕೆಂಡ್ ಹ್ಯಾಂಡ್ ಕಾರು ಇದ್ದರೆ ಹೇಳಿ." ಮೊದಲೆರಡಕ್ಕೆ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮೂರನೆಯದಕ್ಕೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕಪತ್ರ ಬರೆದು ಬದುಕುವವನು. ಆದರೆ ಒಂದು ಕಾರು ನನಗೆ ಚೆನ್ನಾಗಿಯೇ ಪಾಠ ಕಲಿಸಿದೆ. ಅದಕ್ಕೆ ತೆತ್ತ ಫೀಸು ದೊಡ್ಡದು, ಹಾಗಾಗಿ ಪಾಠವನ್ನಾದರೂ ಪುಕ್ಕಟೆ ಹಂಚೋಣ ಎಂದುಕೊಂಡಿದ್ದೇನೆ.

ನನ್ನ ಮೊದಲ ಕಾರಿನ ಕಥೆ

2008ರ ಜನವರಿ. ನಾನು, ನನ್ನಾಕೆ, ಎರಡು ವರ್ಷದ ಮಗ ಗುದೈಬಿಯಾದ ಒಂದು ಸಣ್ಣ ಫ್ಲಾಟಿನಲ್ಲಿದ್ದೆವು. ನಮ್ಮ ಕಡೆಯವರೇ ಒಬ್ಬರು, ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ ಹಿರಿಯರು, ಕಂಪನಿಯಿಂದ ಬೇರೆ ಕಾರು ಸಿಕ್ಕಿದ್ದರಿಂದ ತಮ್ಮ ಹಳೇ ಕಾರನ್ನು ಮಾರುವವರಿದ್ದರು. 1,150 ದಿನಾರು. "ನೋಡಪ್ಪ, ಎಂಟು ತಿಂಗಳು ಓಡಿಸಿದ್ದೀನಿ, ಒಂದು ದಿನ ಕೈ ಕೊಟ್ಟಿಲ್ಲ" ಎಂದರು. ಬೆಳ್ಳಗೆ ತೊಳೆದು ನಿಲ್ಲಿಸಿದ್ದ ಕಾರು, ಒಳಗೆ ಗಂಧದ ಪರಿಮಳ, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿ. ಬಾನೆಟ್ ಎತ್ತಿ ನೋಡಿದೆ. ಏನು ನೋಡಬೇಕು ಎಂದು ಗೊತ್ತಿಲ್ಲದೆಯೇ ತಲೆಯಾಡಿಸಿ ಮುಚ್ಚಿದೆ. ಗ್ಯಾರೇಜಿಗೆ ಒಯ್ದು ತೋರಿಸಬೇಕೆಂಬ ಯೋಚನೆ ಬಂದಿತ್ತು. ಆದರೆ ಪರಿಚಯದವರ ಎದುರು ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಅವರ ಮನೆಯಲ್ಲಿ ಕಾಫಿ ಕುಡಿದು, ದುಡ್ಡು ಎಣಿಸಿ ಕೊಟ್ಟು ಬಂದೆ.

ಜನವರಿ, ಫೆಬ್ರವರಿ, ಮಾರ್ಚ್ ಚೆನ್ನಾಗಿ ಕಳೆದವು. ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಸಿತ್ರಾ ಕಡೆಯಿಂದ ಊಟ ಮುಗಿಸಿ ಬರುವಾಗ, ಎಸಿ ಬಿಸಿಗಾಳಿ ಊದತೊಡಗಿತು. ಎರಡು ನಿಮಿಷದಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್‌ನಿಂದ ಹಬೆ ಏಳುವಾಗ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದೆ. ನೆರಳೆಂಬುದು ಎಲ್ಲೂ ಇಲ್ಲ. ಮಗನ ಮುಖ ಕೆಂಪಾಗಿ, ಅಳುವುದಕ್ಕೂ ಶಕ್ತಿಯಿಲ್ಲದವನ ಹಾಗೆ ತಾಯಿಯ ಹೆಗಲ ಮೇಲೆ ಒರಗಿಬಿಟ್ಟ. ಇದ್ದ ಒಂದು ಬಾಟಲಿ ನೀರನ್ನು ರೇಡಿಯೇಟರಿಗೆ ಹಾಕಲೋ ಮಗನ ತಲೆಗೆ ಹಾಕಲೋ ಎಂದು ನಾನು ಗೊಂದಲದಲ್ಲಿ ನಿಂತಿದ್ದೆ. "ರೀ, ಕಾರು ಹಾಳಾಗಿ ಹೋಗಲಿ, ನೀರು ಈ ಕಡೆ ಕೊಡಿ" ಎಂದು ಆಕೆ ಬಾಟಲಿ ಕಿತ್ತುಕೊಂಡಳು. ಇಪ್ಪತ್ತು ನಿಮಿಷದ ಮೇಲೆ ದಾರಿಹೋಕ ಬಹರೈನಿ ಕುಟುಂಬವೊಂದು ನಮ್ಮನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸಿತು.

ಮರುದಿನ ಸಲ್ಮಾಬಾದಿನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಉಡುಪಿ ಕಡೆಯ ಗೆಳೆಯ ಕಾರು ನೋಡಿ, "ಎಂತ ಮಾರಾಯ್ರೆ, ತೆಗೊಳ್ಳುವಾಗ ಬಾನೆಟ್ ಎತ್ತಿ ನೋಡ್ಲಿಲ್ವಾ?" ಎಂದ.

"ನೋಡಿದ್ದೆ. ಎಲ್ಲ ಕ್ಲೀನಾಗಿತ್ತು."

"ತೊಳೆದ ಇಂಜಿನ್ ಎಲ್ಲ ಕ್ಲೀನೇ ಇರ್ತದೆ" ಎಂದು ನಕ್ಕ.

ಹೆಡ್ ಗ್ಯಾಸ್ಕೆಟ್ ಹೋಗಿತ್ತು, ರೇಡಿಯೇಟರ್ ಕಟ್ಟಿಕೊಂಡಿತ್ತು, ಎಸಿ ಕಂಪ್ರೆಸರ್ ಕೊನೆಯುಸಿರು ಎಳೆಯುತ್ತಿತ್ತು. ಒಟ್ಟು ಖರ್ಚು 320 ದಿನಾರು. ಆ ದುಡ್ಡನ್ನು ಜುಲೈನಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆಂದು ಕೂಡಿಟ್ಟಿದ್ದೆ. ಆ ತಿಂಗಳು ನಮ್ಮ ತಂದೆಯವರ ಷಷ್ಟ್ಯಬ್ದಿ. ನಾನು ಹೋಗಲಾಗಲಿಲ್ಲ. ಫೋಟೋಗಳಲ್ಲಿ ಅಪ್ಪ ಅಮ್ಮನ ಪಕ್ಕ ತಮ್ಮ ನಿಂತಿದ್ದಾನೆ. ನಾನು ನಿಲ್ಲಬೇಕಾಗಿದ್ದ ಜಾಗ ಇಂದಿಗೂ ನನಗೆ ಕಾಣುತ್ತದೆ.

ಎತ್ತಿನ ಹಲ್ಲು ನೋಡುವ ಮರ್ಯಾದೆ

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದವರು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ಹತ್ತು ಹೆಜ್ಜೆ ನಡೆಸುತ್ತಿದ್ದರು, ಗೊರಸು ಎತ್ತಿ ಪರೀಕ್ಷಿಸುತ್ತಿದ್ದರು. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಮಾರುವವನು ಪಕ್ಕದ ಊರಿನ ನೆಂಟನೇ ಆಗಿದ್ದರೂ ಹಲ್ಲು ನೋಡಿದ್ದಕ್ಕೆ ಕೋಪಿಸಿಕೊಂಡದ್ದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬ ಗಾದೆ ಇರುವುದು ದಾನಕ್ಕೆ. ಕ್ರಯಕ್ಕೆ ಕೊಂಡ ಎಮ್ಮೆಗಲ್ಲ. ಅದನ್ನು ನಾವು ಓದಿದವರು ಮರೆತುಬಿಟ್ಟಿದ್ದೇವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಹೇಳಿದ್ದರ ತಾತ್ಪರ್ಯ ಸರಳ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಸರಾಸರಿ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರಿನವನು ಆ ಬೆಲೆಗೆ ಮಾರದೆ ಹಿಂದೆ ಸರಿಯುತ್ತಾನೆ, ಸಂತೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಇಂಥ ಕೆಟ್ಟ ಕಾರಿಗೆ ಅಮೆರಿಕದವರ ಆಡುಮಾತಿನಲ್ಲಿ 'ಲೆಮನ್', ಅಂದರೆ ನಿಂಬೆಹಣ್ಣು ಎನ್ನುತ್ತಾರೆ. ಚೆನ್ನಾಗಿ ಪರೀಕ್ಷಿಸಿದರೆ ಇಬ್ಬರಿಗೂ ಸಮಾನ ಮಾಹಿತಿ ಸಿಗುತ್ತದೆ, ಒಳ್ಳೆಯ ಕಾರಿಗೆ ಒಳ್ಳೆಯ ಬೆಲೆಯೂ ಸಿಗುತ್ತದೆ. ಆದ್ದರಿಂದ ಪರೀಕ್ಷೆ ಮಾರುವವರಿಗೂ ಒಳ್ಳೆಯದೇ.

ಇನ್ನು ವಿಷಯಕ್ಕೆ ಬರೋಣ.

1. ಮನೆಯಲ್ಲೇ ಮಾಡಬೇಕಾದ ಲೆಕ್ಕ

ಕೈಯಲ್ಲಿ 1,500 ದಿನಾರು ಇದ್ದರೆ 1,500ರ ಕಾರು ನೋಡಬೇಡಿ, 1,200ರದ್ದು ನೋಡಿ. ಹಳೇ ಕಾರು ಮನೆಗೆ ಬಂದ ಮೊದಲ ಮೂರು ತಿಂಗಳಲ್ಲಿ ಟೈರು, ಬ್ಯಾಟರಿ, ಆಯಿಲ್, ಬ್ರೇಕ್ ಪ್ಯಾಡ್ ಎಂದು ಒಂದಲ್ಲ ಒಂದು ಕೇಳುತ್ತದೆ. ಐದನೇ ಒಂದು ಭಾಗವನ್ನು ಅದಕ್ಕಾಗಿ ತೆಗೆದಿಡಿ. ಎರಡನೆಯದಾಗಿ, ಇಲ್ಲಿ ರಸ್ತೆ ತುಂಬಾ ಕಾಣುವ ಮಾದರಿಯನ್ನೇ ಆರಿಸಿ. ಅದರ ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ಎಲ್ಲ ಮೆಕ್ಯಾನಿಕ್‌ಗಳಿಗೂ ಅದರ ಕೈ ಪಳಗಿರುತ್ತದೆ, ಮಾರುವಾಗಲೂ ಕಷ್ಟವಿಲ್ಲ. ಮೂರನೆಯದಾಗಿ, ಆ ಕಾರಿನ ಇನ್ಷೂರೆನ್ಸ್ ಎಷ್ಟಾಗುತ್ತದೆ ಎಂದು ಮೊದಲೇ ವಿಮಾ ಕಂಪನಿಗೆ ಫೋನ್ ಮಾಡಿ ಕೇಳಿ. ಹಳೇ ಕಾರಿಗೆ ಪೂರ್ಣ ವಿಮೆ ಕೊಡಲು ಕೆಲವರು ಹಿಂಜರಿಯುತ್ತಾರೆ. ಜಯ್ಯಿದ್ ಪೆಟ್ರೋಲ್ ಸಾಕೋ ಮುಮ್ತಾಜ್ ಬೇಕೋ ಎಂಬುದನ್ನೂ ತಿಳಿದುಕೊಳ್ಳಿ. ತಿಂಗಳ ಖರ್ಚಿನಲ್ಲಿ ವ್ಯತ್ಯಾಸ ಕಾಣುತ್ತದೆ.

2. ಕಾಗದಪತ್ರ

ಕಾರು ನೋಡುವ ಮುನ್ನ ಓನರ್‌ಶಿಪ್ ಕಾರ್ಡ್ ನೋಡಿ. ಅದರಲ್ಲಿರುವ ಹೆಸರು ಮಾರುವವರ ಸಿಪಿಆರ್ ಕಾರ್ಡಿನ ಹೆಸರಿಗೆ ಹೊಂದುತ್ತದೆಯೇ? "ನನ್ನ ಸ್ನೇಹಿತನದು, ಅವನು ಊರಿಗೆ ಹೋಗಿದ್ದಾನೆ" ಎಂದರೆ ಅಲ್ಲಿಗೇ ಕೈ ಮುಗಿಯಿರಿ. ಕಾರಿನ ಮೇಲೆ ಬ್ಯಾಂಕ್ ಸಾಲವಿದ್ದರೆ ಸಾಲ ತೀರಿದ ಪತ್ರ ಬರುವ ತನಕ ಮಾತು ಮುಂದುವರಿಸಬೇಡಿ. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂಬುದನ್ನು ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಅವರ ಎದುರೇ ನೋಡಬಹುದು.

ಆಮೇಲೆ ಚಾಸಿ ನಂಬರ್. ಇದು 17 ಅಕ್ಷರ ಮತ್ತು ಅಂಕಿಗಳ ಸಾಲು. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಸಾಮಾನ್ಯವಾಗಿ ಡ್ರೈವರ್ ಬದಿಯ ಬಾಗಿಲ ಕಂಬದ ಮೇಲೆ ಅಥವಾ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಇರುತ್ತದೆ. ಕಾರ್ಡಿನಲ್ಲಿರುವುದಕ್ಕೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಸರ್ವಿಸ್ ಪುಸ್ತಕವಿದ್ದರೆ ಕೇಳಿ. ಪ್ರತಿ ಸರ್ವಿಸಿನ ಕಿಲೋಮೀಟರ್ ಏರುತ್ತಾ ಬಂದಿದೆಯೇ ನೋಡಿ.

ವಾರ್ಷಿಕ ತಪಾಸಣೆಯಲ್ಲಿ ಪಾಸಾಗಿದೆ ಎಂದು ಹೇಳಿದರೆ ಸಂತೋಷ, ಆದರೆ ಸಮಾಧಾನಪಡಬೇಡಿ. ಆ ತಪಾಸಣೆ ಕಾರು ರಸ್ತೆಗೆ ಇಳಿಯಲು ಯೋಗ್ಯವೇ ಎಂದು ನೋಡುತ್ತದೆ. ಗೇರ್ ಬಾಕ್ಸ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಅದು ಹೇಳುವುದಿಲ್ಲ.

3. ಯಾವ ಹೊತ್ತಿಗೆ ಹೋಗಬೇಕು?

ಕಾರನ್ನು ಎರಡು ಸಲ ನೋಡಬೇಕು. ಮೊದಲ ಸಲ ಬೆಳಗ್ಗೆ, ಬಿಸಿಲೇರುವ ಮುನ್ನ. "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ ಹೋಗಿ. ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಆಗಲು ತಡಕಾಡುತ್ತದೆಯೇ, ಟಕಟಕ ಸದ್ದು ಬರುತ್ತದೆಯೇ, ಸೈಲೆನ್ಸರಿನಿಂದ ಏನು ಹೊಗೆ ಬರುತ್ತದೆ ಎಲ್ಲವೂ ಆಗಲೇ ಗೊತ್ತಾಗುವುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ನಿಲ್ಲದೇ ಬರುವ ದಟ್ಟ ಬಿಳಿ ಹೊಗೆ ಎಂದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು ಉರಿಯುತ್ತಿದೆ. ಬಾನೆಟ್ ಮುಟ್ಟಿ ಬಿಸಿಯಿದೆಯೇ ನೋಡುವ ಉಪಾಯ ಇಲ್ಲಿ ಬೆಳಗ್ಗೆ ಮಾತ್ರ ನಡೆಯುತ್ತದೆ. ಹತ್ತು ಗಂಟೆ ಮೇಲೆ ನಿಂತ ಕಾರಿನ ಬಾನೆಟ್ ಮೇಲೂ ದೋಸೆ ಹುಯ್ಯಬಹುದು!

ಎರಡನೇ ಸಲ ಮಧ್ಯಾಹ್ನ, ಎಸಿ ಮತ್ತು ರೇಡಿಯೇಟರ್ ಪರೀಕ್ಷೆಗೆ. ರಾತ್ರಿ ಹೊತ್ತು ಮಾತ್ರ ಯಾವ ಕಾರನ್ನೂ ನೋಡಬೇಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲ ಕಾರೂ ಮದುಮಗನೇ.

4. ಹೊರಮೈ

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾರಿನ ಉದ್ದಕ್ಕೂ ಒಂದು ಮೂಲೆಯಿಂದ ಕಣ್ಣು ಹಾಯಿಸಿ. ಬಾಗಿಲು, ಬಾನೆಟ್, ಡಿಕ್ಕಿಗಳ ನಡುವಿನ ಸಂದು ಎರಡೂ ಕಡೆ ಒಂದೇ ಸಮವಿರಬೇಕು. ಒಂದು ಬಾಗಿಲಿನ ಬಣ್ಣ ಮಿಕ್ಕವಕ್ಕಿಂತ ಹೊಸದಾಗಿದ್ದರೆ ಕಾರಣ ಕೇಳಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ತೆಳ್ಳನೆಯ ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಉಕ್ಕಿನ ತಗಡಿಗೆ ಅಂಟಿಕೊಳ್ಳುತ್ತದೆ, ಒಳಗೆ ದಪ್ಪ ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಬಾನೆಟ್ ಒಳಗಿನ ಬೋಲ್ಟ್‌ಗಳ ತಲೆಯ ಬಣ್ಣ ಕಿತ್ತಿದ್ದರೆ ಅವನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ.

ನಮ್ಮದು ದ್ವೀಪ. ಸುತ್ತ ಸಮುದ್ರ, ಗಾಳಿಯಲ್ಲಿ ಉಪ್ಪು, ತೇವ, ಧೂಳು. ಮೇಲೆ ಹೊಳೆಯುವ ಕಾರು ಕೆಳಗೆ ತುಕ್ಕು ಹಿಡಿದಿರಬಹುದು. ಬಾಗಿಲುಗಳ ಕೆಳಅಂಚು, ಚಕ್ರದ ಮೇಲಿನ ಕಮಾನು, ಸೈಲೆನ್ಸರ್, ತಳದ ಜೋಡಣೆಗಳನ್ನು ಬಗ್ಗಿ ನೋಡಿ. ಪ್ಯಾಂಟಿಗೆ ಮಣ್ಣಾಗುತ್ತದೆ ಎಂದು ಹಿಂಜರಿಯಬೇಡಿ. ಪ್ಯಾಂಟ್ ತೊಳೆಯಬಹುದು.

5. ಟೈರು ಮತ್ತು ಬ್ಯಾಟರಿ

ಟೈರಿನ ಪಕ್ಕದಲ್ಲಿ ಡಾಟ್ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3221 ಎಂದಿದ್ದರೆ 2021ನೇ ಇಸವಿಯ 32ನೇ ವಾರ ತಯಾರಾದದ್ದು. 2000ದಿಂದ ಈಚೆಗೆ ಈ ಕ್ರಮ ಬಂದಿದೆ. ಹಲ್ಲು ಚೆನ್ನಾಗಿದ್ದರೂ ರಬ್ಬರ್ ಮುದಿಯಾಗುತ್ತದೆ, ಕೊಲ್ಲಿಯ ಬಿಸಿಲಿಗೆ ಇನ್ನೂ ಬೇಗ. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ನಾಲ್ಕು ಹೊಸ ಟೈರಿನ ಬೆಲೆಯನ್ನು ಮನಸ್ಸಿನಲ್ಲೇ ಕಳೆದುಕೊಳ್ಳಿ. ಒಂದೇ ಬದಿ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ದೋಷ. ಸ್ಟೆಪ್ನಿಯನ್ನೂ ನೋಡಿ, ಜಾಕ್ ಇದೆಯೇ ಎಂಬುದನ್ನೂ ನೋಡಿ. ಬ್ಯಾಟರಿ ಇಲ್ಲಿಯ ಸೆಕೆಗೆ ಬೇಗ ಸೋಲುತ್ತದೆ. ಯಾವಾಗ ಹಾಕಿಸಿದ್ದು ಎಂದು ಬಿಲ್ಲು ಕೇಳಿ.

6. ರೇಡಿಯೇಟರ್, ಆಯಿಲ್, ಎಸಿ

ನನ್ನನ್ನು ಮುಳುಗಿಸಿದ್ದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಒಳಗೆ ಬಣ್ಣದ ಕೂಲೆಂಟ್ ಇರಬೇಕು. ಕೆಂಪು ತುಕ್ಕುನೀರಿದ್ದರೆ ಬರೀ ನೀರು ಹಾಕಿ ಓಡಿಸಿದ್ದಾರೆ. ಆಯಿಲ್ ಮುಚ್ಚಳದ ಒಳಬದಿ ನೋಡಿ. ಮಜ್ಜಿಗೆ ಬಣ್ಣದ ನೊರೆ ಇದ್ದರೆ ಎಚ್ಚರ. ಸಣ್ಣ ದೂರವೇ ಓಡುವ ಕಾರಿನಲ್ಲಿ ಬರೀ ತೇವದಿಂದಲೂ ಅದು ಬರುವುದುಂಟು. ಆದರೆ ಕೂಲೆಂಟೂ ಕಡಿಮೆಯಾಗುತ್ತಿದ್ದು ನೊರೆಯೂ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಕಾರು ನಿಂತಿದ್ದ ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ ಎಂದೂ ನೋಡಿ.

ಎಸಿಯನ್ನು ಮಧ್ಯಾಹ್ನ ಪರೀಕ್ಷಿಸಿ. ಕಾರು ನಿಂತಲ್ಲೇ ಇಂಜಿನ್ ಓಡುತ್ತಿರಲಿ, ಎಸಿ ಪೂರ್ತಿ ಇರಲಿ, ಅರ್ಧ ಗಂಟೆ ಒಳಗೆ ಕುಳಿತು ಮಾತಾಡಿ. ಓಡುವಾಗ ಗಾಳಿ ಬಡಿದು ತಂಪಾಗಿರುವ ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೇ ಬಣ್ಣ ತೋರಿಸುವುದು. ಅಷ್ಟು ಹೊತ್ತು ಟೆಂಪರೇಚರ್ ಮುಳ್ಳು ಅಲ್ಲಾಡಬಾರದು, ಗಾಳಿ ತಣ್ಣಗಿರಬೇಕು, ರೇಡಿಯೇಟರ್ ಫ್ಯಾನ್ ತಿರುಗಬೇಕು. ಚಳಿಗಾಲದಲ್ಲಿ ಕೊಳ್ಳುವವರು ಇದನ್ನು ಬಿಟ್ಟೇಬಿಡುತ್ತಾರೆ, ನನ್ನ ಹಾಗೆ. "ಎಸಿಗೆ ಗ್ಯಾಸ್ ಹಾಕಿಸಿದರೆ ಸಾಕು" ಎಂದರೆ "ಹಾಕಿಸಿ ತೋರಿಸಿ, ಆಮೇಲೆ ನೋಡೋಣ" ಎನ್ನಿ. ಗ್ಯಾಸ್ ತಾನಾಗಿ ಮುಗಿಯುವ ವಸ್ತುವಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ.

7. ಕಿಲೋಮೀಟರ್ ಎಷ್ಟು ನಂಬಬೇಕು?

ಉತ್ತರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರಿನ ದ್ವೀಪದಲ್ಲಿ ಕಡಿಮೆ ಓಡಿದ ಕಾರು ಇರುವುದು ಸಹಜ. ಆದರೆ 1986ರಲ್ಲಿ ತೆರೆದ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾಟಿ ಪ್ರತಿದಿನ ಸೌದಿಗೆ ಕೆಲಸಕ್ಕೆ ಹೋಗಿಬರುವವರ ಕಾರಿನ ಲೆಕ್ಕವೇ ಬೇರೆ. ಅಂಕಿಯನ್ನು ತಿದ್ದಬಹುದು, ಸವೆತವನ್ನು ತಿದ್ದುವುದು ಕಷ್ಟ. ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗಿನ ನುಣುಪು, ಡ್ರೈವರ್ ಸೀಟಿನ ಅಂಚು ನೋಡಿ. 60,000 ಎಂದು ತೋರಿಸುವ ಕಾರಿನ ಪೆಡಲ್ ನುಣ್ಣಗಾಗಿದ್ದರೆ ಅನುಮಾನಿಸಿ. ಅಮೆರಿಕದಿಂದ ಬಂದ ಕಾರುಗಳಲ್ಲಿ ಮೀಟರ್ ಮೈಲಿಯಲ್ಲಿರುವುದುಂಟು. 60,000 ಮೈಲಿ ಎಂದರೆ ಸುಮಾರು 96,500 ಕಿಲೋಮೀಟರ್! ಹಾಗೆ ಹೊರಗಿನಿಂದ ಬಂದ ಕಾರುಗಳಲ್ಲಿ ಅಪಘಾತವಾಗಿ ರಿಪೇರಿಯಾದವೂ ಇರುತ್ತವೆ. ಇಲ್ಲಿಯ ಸೆಕೆಗೆ ತಕ್ಕ ರೇಡಿಯೇಟರ್, ಎಸಿ ಇರುವ ಜಿಸಿಸಿ ಮಾದರಿಯೇ ಮೊದಲ ಕಾರಿಗೆ ಕ್ಷೇಮ.

8. ನೀರಿನಲ್ಲಿ ಮುಳುಗಿದ ಕಾರು

ಮಳೆಯಿಲ್ಲದ ದೇಶದಲ್ಲಿ ಇದೆಂಥ ಮಾತು ಎನ್ನಬೇಡಿ. 2024ರ ಏಪ್ರಿಲ್‌ನಲ್ಲಿ ಬಂದ ಮಳೆಗೆ ಇಲ್ಲಿಯ ರಸ್ತೆಗಳೂ ನೀರಾದವು. ಅದೇ ಏಪ್ರಿಲ್ 16ರಂದು ಯುಎಇಯ ಅಲ್ ಐನ್ ಪ್ರದೇಶದ ಒಂದು ಕಡೆ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು, 1949ರಿಂದ ಇಟ್ಟ ದಾಖಲೆಯಲ್ಲೇ ಅದು ಅತಿ ಹೆಚ್ಚು. ದುಬೈಯ ರಸ್ತೆಗಳಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮುಳುಗಿದ ಕಾರನ್ನು ಒಣಗಿಸಿ, ತೊಳೆದು, ಇನ್ನೊಂದು ಊರಿನಲ್ಲಿ ಮಾರುವುದು ಲೋಕದ ಎಲ್ಲ ಕಡೆ ಇರುವ ರೂಢಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಕೊನೆಯಲ್ಲಿ ಕೆಸರಿನ ಗೆರೆ ಇರಬಹುದು. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಸೀಟಿನ ಬೋಲ್ಟ್‌ಗಳ ತುಕ್ಕು, ಸ್ಟೆಪ್ನಿ ಗುಂಡಿಯ ಮಣ್ಣು ನೋಡಿ. ಕಾರಿನೊಳಗೆ ಪರಿಮಳ ಹೆಚ್ಚಾದಷ್ಟೂ ಮೂಗು ಚುರುಕಾಗಿರಲಿ.

9. ಏರ್‌ಬ್ಯಾಗ್ – ಇದನ್ನು ಮಾತ್ರ ಬಿಡಬೇಡಿ

ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೆಯೇ ಇದ್ದರೆ ಬಲ್ಬನ್ನೇ ಕಿತ್ತಿರಬಹುದು.

ಇನ್ನೊಂದು ಮುಖ್ಯ ವಿಷಯ. ಜಪಾನಿನ ತಕಾತಾ ಎಂಬ ಕಂಪನಿ ಮಾಡಿದ ಏರ್‌ಬ್ಯಾಗ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಟ್ಟಲೆ ಬಿಸಿ ಮತ್ತು ತೇವಕ್ಕೆ ಸಿಕ್ಕಿ ಅದು ಕೆಟ್ಟರೆ, ಅಪಘಾತದಲ್ಲಿ ಚೀಲ ಬಿಚ್ಚುವ ಬದಲು ಒಳಗಿನ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕೂತವರಿಗೆ ಬಡಿಯುತ್ತವೆ. 2008ರಿಂದ ಶುರುವಾಗಿ ಹೊಂಡಾ, ಟೊಯೊಟಾ, ನಿಸಾನ್, ಬಿಎಂಡಬ್ಲ್ಯೂ ಸೇರಿ ಹತ್ತಾರು ಕಂಪನಿಗಳು ಕೋಟಿಗಟ್ಟಲೆ ಕಾರುಗಳನ್ನು ಇದಕ್ಕಾಗಿ ವಾಪಸ್ ಕರೆದವು. 2017ರಲ್ಲಿ ತಕಾತಾ ದಿವಾಳಿಯಾಯಿತು. ಬಿಸಿ ಮತ್ತು ತೇವ! ನಮ್ಮ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. 2000ದಿಂದ 2015ರ ನಡುವಿನ ಕಾರು ಕೊಳ್ಳುವವರು ಚಾಸಿ ನಂಬರನ್ನು ಆ ಕಾರಿನ ಏಜೆನ್ಸಿಗೆ ಕೊಟ್ಟು, ಏರ್‌ಬ್ಯಾಗ್ ಬದಲಾಯಿಸಿದ್ದಾರೆಯೇ ಎಂದು ಕೇಳಿಯೇ ಮುಂದುವರಿಯಿರಿ.

10. ಓಡಿಸಿ ನೋಡುವುದು

ಐದು ನಿಮಿಷದ ಸುತ್ತು ಸಾಲದು. ಅರ್ಧ ಗಂಟೆ ಬೇಕು, ಹೆದ್ದಾರಿಯೂ ಬೇಕು. ರೇಡಿಯೋ ಆರಿಸಿ, ಕಿವಿ ತೆರೆದಿಡಿ. ಬ್ರೇಕ್ ಒತ್ತಿಕೊಂಡು ಗೇರನ್ನು ಮುಂದಕ್ಕೆ, ರಿವರ್ಸಿಗೆ ಹಾಕಿ. ಜಗ್ಗಿದಂತಾಗಬಾರದು, ತಡವಾಗಬಾರದು. ಖಾಲಿ ಜಾಗದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ವೃತ್ತ ಹೊಡೆಯಿರಿ. ಮುಂದಿನ ಚಕ್ರದಿಂದ ಕಟಕಟ ಸದ್ದು ಬಂದರೆ ಆಕ್ಸಲಿನ ಜಾಯಿಂಟ್ ಸವೆದಿದೆ. ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯಬಾರದು, ಬ್ರೇಕ್ ಹಾಕುವಾಗ ಸ್ಟೇರಿಂಗ್ ನಡುಗಬಾರದು. ರಸ್ತೆ ಉಬ್ಬಿನ ಮೇಲೆ ಹಾಯಿಸಿ, ಡಬಡಬ ಸದ್ದು ಬಂದರೆ ಶಾಕ್ ಅಬ್ಸಾರ್ಬರ್ ಅಥವಾ ಬುಶ್ ನೋಡಬೇಕು. ಈ ಓಟಕ್ಕೆ ನಿಮ್ಮ ಜೊತೆ ಮನೆಯವರೂ ಇರಲಿ. ನಾವು ಕಾಣದ ಅನೇಕ ಸದ್ದು, ವಾಸನೆಗಳು ಹಿಂದೆ ಕುಳಿತ ಅವರಿಗೆ ಗೊತ್ತಾಗುತ್ತವೆ.

11. ಮೆಕ್ಯಾನಿಕ್ ಕಣ್ಣು

ಮೇಲಿನದೆಲ್ಲ ನಾವೇ ಮಾಡುವ ಜರಡಿ. ಅದರಲ್ಲಿ ಉಳಿದ ಕಾರನ್ನು ನಿಮ್ಮ ಆಯ್ಕೆಯ ಗ್ಯಾರೇಜಿಗೆ ಒಯ್ಯಿರಿ. ಮಾರುವವರು ಹೇಳಿದ ಗ್ಯಾರೇಜಿಗಲ್ಲ. ಲಿಫ್ಟ್ ಮೇಲೆ ಎತ್ತಿಸಿ, ಕಂಪ್ಯೂಟರ್ ಹಚ್ಚಿಸಿ ನೋಡಲಿ. ನಿನ್ನೆಯಷ್ಟೇ ದೋಷದ ಕೋಡುಗಳನ್ನು ಅಳಿಸಿದ್ದರೂ ಬಲ್ಲವನಿಗೆ ಅದು ಗೊತ್ತಾಗುತ್ತದೆ. ಇದಕ್ಕೆ ಆಗುವ ಕೆಲವು ದಿನಾರನ್ನು ಉಳಿಸಹೋದವನು ನಾನು. ಫಲ ಏನೆಂದು ಓದಿದಿರಿ. "ಗ್ಯಾರೇಜಿಗೆ ಕೊಡಲ್ಲ" ಎಂದು ಯಾರಾದರೂ ಹೇಳಿದರೆ ಅದೇ ನಿಮ್ಮ ಉತ್ತರ.

12. ದುಡ್ಡು ಮತ್ತು ವರ್ಗಾವಣೆ

ಮುಂಗಡ ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮತ್ತು ಹೆಸರು ವರ್ಗಾವಣೆ ಒಂದೇ ಸಮಯಕ್ಕೆ ಆಗಬೇಕು. "ಆಮೇಲೆ ಮಾಡಿಸೋಣ, ಈಗ ಓಡಿಸಿಕೊಳ್ಳಿ" ಎನ್ನುವುದು ಪ್ರೀತಿಯ ಮಾತಾದರೂ ಒಪ್ಪಬೇಡಿ. ನಿಮ್ಮ ಹೆಸರಿಗೆ ವಿಮೆಯಿಲ್ಲದೆ ಒಂದು ಸುತ್ತೂ ಬೇಡ. ಮಾರುವವರಿಗೂ ಇದೇ ಮಾತು: ಕಾರು ನಿಮ್ಮ ಹೆಸರಿನಲ್ಲಿರುವ ತನಕ ಅದರ ದಂಡವೂ ನಿಮ್ಮದೇ, ತಲೆನೋವೂ ನಿಮ್ಮದೇ.

ಕೇಳಲೇಬೇಕಾಗಿದ್ದ ಒಂದು ಪ್ರಶ್ನೆ

ಈಗ ನನ್ನ ಕಥೆಯ ಉಳಿದ ಭಾಗ. ಆ ಹಿರಿಯರು ಗೊತ್ತಿದ್ದೇ ನನ್ನ ತಲೆಗೆ ಕಟ್ಟಿದರು ಎಂದು ನಾನು ನಂಬಿದ್ದೆ. ಎರಡು ವರ್ಷ ಅವರ ಜೊತೆ ಮಾತು ಬಿಟ್ಟೆ. ಯುಗಾದಿಯಲ್ಲಿ, ಗಣೇಶನ ಹಬ್ಬದಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದೆ. ನಮ್ಮಿಬ್ಬರ ಹೆಂಡಂದಿರು ಕೋಲಾಟದ ತಂಡದಲ್ಲಿ ಜೊತೆಗಿದ್ದವರು, ಅವರ ನಡುವೆಯೂ ಮಾತು ನಿಂತಿತು.

2010ರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಜಾಗವಿಲ್ಲದೆ ಅವರ ಪಕ್ಕವೇ ಕೂರಬೇಕಾಯಿತು. ಸಾರು ಬರುವ ಹೊತ್ತಿಗೆ ಅವರೇ ಮೆಲ್ಲಗೆ ಕೇಳಿದರು. "ಏನಪ್ಪ, ಕಾರು ಹೇಗಿದೆ?" ನನಗೆ ಸಿಟ್ಟು ನೆತ್ತಿಗೇರಿ ನಡೆದದ್ದನ್ನೆಲ್ಲ ಹೇಳಿದೆ. ಅವರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. "ಅಯ್ಯೋ, ನಾನು ವಾರಕ್ಕೊಂದು ಸಲ ನೀರು ಹಾಕ್ತಿದ್ದೆನಲ್ಲಪ್ಪ. ನನಗೆ ಮಾರಿದವರು, ಇಲ್ಲಿಯ ಬಿಸಿಲಿಗೆ ರೇಡಿಯೇಟರಿಗೆ ನೀರು ಹಾಕ್ತಾ ಇರಬೇಕು ಅಂತ ಹೇಳಿದ್ರು. ಎಲ್ಲ ಕಾರಿಗೂ ಹಾಗೇ ಅಂದ್ಕೊಂಡಿದ್ದೆ. ನಿನಗೆ ಹೇಳೋದು ಹೊಳೀಲೇ ಇಲ್ಲ."

ವಾರಕ್ಕೊಂದು ಸಲ ನೀರು ಕುಡಿಯುವ ಕಾರಿನ ಹೊಟ್ಟೆಯಲ್ಲಿ ತೂತಿದೆ ಎಂದು ಅವರಿಗೂ ಗೊತ್ತಿರಲಿಲ್ಲ. "ರೇಡಿಯೇಟರಿಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕ್ತೀರಿ ಸಾರ್?" ಎಂದು ನಾನು ಜನವರಿಯಲ್ಲಿ ಕೇಳಿದ್ದರೆ ಅವರು ಸಂಕೋಚವಿಲ್ಲದೆ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಕೇಳಿದರೆ ಅವರಿಗೆ ಬೇಸರವಾದೀತು ಎಂದುಕೊಂಡೆ. ಹಾಗೆ ದಾಕ್ಷಿಣ್ಯಕ್ಕೆ ಬಿದ್ದು ಕಾರೂ ಕೆಟ್ಟಿತು, ಸ್ನೇಹವೂ ಎರಡು ವರ್ಷ ಕೆಟ್ಟಿತು.

ಆದ್ದರಿಂದ ಪರಿಚಯದವರಿಂದ ಕೊಳ್ಳುವಾಗ ಇನ್ನೂ ಹೆಚ್ಚು ಕೇಳಿ. ಅಪರಿಚಿತನ ಕಾರು ಕೆಟ್ಟರೆ ದುಡ್ಡು ಮಾತ್ರ ಹೋಗುತ್ತದೆ. ಪರಿಚಿತರದ್ದು ಕೆಟ್ಟರೆ ಪರದೇಶದಲ್ಲಿ ಇರುವ ನಾಲ್ಕು ಮಂದಿಯಲ್ಲಿ ಒಬ್ಬರು ಹೋಗುತ್ತಾರೆ. ಕೇಳುವ ಪ್ರಶ್ನೆಗಳು ಹೀಗಿರಲಿ: ಯಾಕೆ ಮಾರುತ್ತಿದ್ದೀರಿ? ನಿಮಗೆ ಮುಂಚೆ ಯಾರ ಬಳಿ ಇತ್ತು? ನೀರು, ಆಯಿಲ್ ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ? ಕಳೆದ ಬೇಸಿಗೆಯಲ್ಲಿ ಏನು ರಿಪೇರಿ ಆಯಿತು? ಎಲ್ಲಾದರೂ ಗುದ್ದಿತ್ತೇ? ನೀವೇ ಇಟ್ಟುಕೊಳ್ಳುವುದಾದರೆ ಮುಂದೆ ಏನು ಮಾಡಿಸುತ್ತಿದ್ದಿರಿ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಬೆಲೆಬಾಳುವುದು.

2015ರಲ್ಲಿ ನಾನು ಅದೇ ಕಾರನ್ನು ಮಾರಿದೆ. ಕೊಳ್ಳಲು ಬಂದ ಹಾಸನದ ಹುಡುಗ ಬಾನೆಟ್ ಎತ್ತಿ, ತಲೆಯಾಡಿಸಿ, ಮುಚ್ಚಿದ. "ಗ್ಯಾರೇಜಿಗೆ ತೋರಿಸಪ್ಪ" ಎಂದೆ. "ಅಯ್ಯೋ ಬೇಡ ಸಾರ್, ನಿಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದ. ಗೊತ್ತಿರುವ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಕೀಲಿಯನ್ನೂ ಕೊಟ್ಟು, ತೋರಿಸಿಕೊಂಡು ಬಂದ ಮೇಲೆ ಮಾತಾಡೋಣ ಎಂದು ಕಳಿಸಿದೆ. ನಾನು ಬರೆಯದ ಎರಡು ದೋಷಗಳನ್ನು ಮೆಕ್ಯಾನಿಕ್ ಹುಡುಕಿದ. ಅಷ್ಟಕ್ಕೆ ಬೆಲೆ ಇಳಿಸಿ ಕೊಟ್ಟೆ. ಇಂದಿಗೂ ಆತ ಹಬ್ಬಕ್ಕೆ ಫೋನ್ ಮಾಡುತ್ತಾನೆ.

ಕಾರು ಮನೆಗೆ ಬಂದ ದಿನ ನಾವೆಲ್ಲ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸುತ್ತೇವೆ. ಖಂಡಿತ ಇಡಿ. ಆದರೆ ಅದಕ್ಕೂ ಮುಂಚೆ ಒಂದು ಬೆಳಗ್ಗೆ, ಒಂದು ಮಧ್ಯಾಹ್ನ ಪರೀಕ್ಷೆಗೆ ಕೊಡಿ. ನಿಂಬೆಹಣ್ಣು ಚಕ್ರದ ಕೆಳಗಿದ್ದರೆ ಚೆನ್ನ, ಚಕ್ರದ ಮೇಲೆ ಕೂತರೆ ಕಷ್ಟ!

ನಿಮ್ಮ ಮೊದಲ ಕಾರು ನಿಮ್ಮನ್ನೂ ಮಕ್ಕಳನ್ನೂ ಎಲ್ಲ ಬೇಸಿಗೆಗಳಲ್ಲೂ ತಂಪಾಗಿ ಮನೆ ಸೇರಿಸಲಿ.